ಬಂತು ಎಂದರೆ ಎಷ್ಟು ಬಂತು?

ನನ್ನ ಚೀಲದಲ್ಲಿ ರೊಟ್ಟಿಯ ಡಬ್ಬಿಗೆ ಒತ್ತಿಕೊಂಡು ಬೂದು ಬಣ್ಣದ ಸೀರಿಯಲ್ ಕೇಬಲ್ಲೊಂದು ಸದಾ ಇರುತ್ತದೆ. ಹಳೆಯ ಯಂತ್ರಗಳು ಕಂಪ್ಯೂಟರಿನೊಡನೆ ಮಾತಾಡುವುದು ಇದರ ಮೂಲಕ; ಒಂದೊಂದೇ ಅಕ್ಷರವಾಗಿ, ಹಿರಿಯರ ಗತ್ತಿನಲ್ಲಿ.

ಮಾನ್ವಿ, ದೇವದುರ್ಗಗಳ ಎರಡು ರಕ್ತಪರೀಕ್ಷಾ ಕೇಂದ್ರಗಳ ಹಳೆಯ ತಂತ್ರಾಂಶವನ್ನು ಹೊಸ ಕಂಪ್ಯೂಟರಿಗೆ ಒಗ್ಗಿಸುವ ಕೆಲಸ ರಾಯಚೂರಿನಲ್ಲಿದ್ದ ನನ್ನ ಪಾಲಿಗೆ ಬಂತು. ರಕ್ತ ಪರೀಕ್ಷಿಸುವ ಯಂತ್ರ ಅಂಕಿ ಕಳಿಸಿದೊಡನೆ ‘ಬಂತು’ ಎಂಬ ಸೂಚನೆ ಹೋಗುತ್ತದೆ, ತಂತ್ರಾಂಶ ಎದ್ದು ಓದಿಕೊಳ್ಳುತ್ತದೆ. ಎಷ್ಟು ಬಂತು, ಇನ್ನೂ ಬರುವುದಿದೆಯೇ ಎಂಬುದನ್ನು ಮಾತ್ರ ಆ ಸೂಚನೆ ಹೇಳುವುದಿಲ್ಲ. ಹಳೆಯ ಕಂಪ್ಯೂಟರು ಮೈಮುರಿದು ಏಳುವಷ್ಟರಲ್ಲಿ ಅಂಕಿ ಪೂರ್ತಿ ಬಂದಿರುತ್ತಿತ್ತು. ಹೊಸದು ಬಲು ಚುರುಕು. ಒಮ್ಮೊಮ್ಮೆ ಮೊದಲ ಅಕ್ಷರಕ್ಕೇ ಎದ್ದು ಓದಿ, ಉಳಿದದ್ದನ್ನು ಬೇರೆಯೇ ಸುದ್ದಿಯೆಂದು ತಿಳಿಯುತ್ತಿತ್ತು. ಆ ಚುರುಕನ್ನೇ ಪ್ರಗತಿಯೆಂದು ಬಗೆದ ನಾನು ಮಾನ್ವಿಯಲ್ಲಿ ಅದನ್ನು ಕೂರಿಸಿ, ಹೊಗಳಿಸಿಕೊಂಡು ಬಂದೆ.

ಮರುದಿನ ದೇವದುರ್ಗಕ್ಕೆ ಹೋಗಿ ಅಲ್ಲೂ ಅದನ್ನೇ ಕೂರಿಸಿದೆ. ಗಬ್ಬೂರಿನ ಶರಣಮ್ಮ, ಏಳು ತಿಂಗಳ ಗರ್ಭಿಣಿ, ಪರೀಕ್ಷೆಗೆ ಬಂದಿದ್ದಳು. ಪರದೆಯ ಮೇಲೆ ಅವಳ ಹಿಮೋಗ್ಲೋಬಿನ್ 1.2 ಎಂದು ಮೂಡಿತು. ಅತ್ತೆ ಅಳತೊಡಗಿದರು, ಗಂಡ ಜೀಪು ತರಲು ಓಡಿದ.

“ನಾ ಆರಾಮ ಅದೀನ್ರಿ,” ಎಂದಳು ಶರಣಮ್ಮ. “ಬಸ್ಸಿನ್ಯಾಗ ನಿಂತಕೊಂಡ ಬಂದೀನಿ. ರಕ್ತ ಇಲ್ಲದಾಕಿ ನಿಂತಕೊಂಡ ಬರ್ತಾಳೇನ್ರಿ?”

ಅವಳ ಮಾತು ಯಾರ ಕಿವಿಗೂ ಬೀಳಲಿಲ್ಲ. ಅವಳದು ಬರಿಯ ಅನುಭವ, ಪರದೆಯದು ಅಂಕಿ.

ನಾನು ಯಂತ್ರದ ಪುಟ್ಟ ಗಾಜಿನ ಕಿಂಡಿಯತ್ತ ಬಾಗಿದೆ. ಅಲ್ಲಿ 11.2 ಎಂದಿತ್ತು. ಮೊದಲ ಒಂದನ್ನು ನನ್ನ ತಂತ್ರಾಂಶ ನುಂಗಿತ್ತು.

“ಮಷಿನ್ ಹಳೇದು, ಕಂಪ್ಯೂಟರ್ ಹೊಸದು. ಯಾವುದನ್ನ ನಂಬಬೇಕ್ರಿ ಮೇಡಂ?” ಎಂದು ಪರೀಕ್ಷೆ ಮಾಡುವ ಹುಸೇನ್ ಕೇಳಿದ. ತಪ್ಪನ್ನು ಹಳೆಯದರ ತಲೆಗೆ ಕಟ್ಟಿಬಿಡಲು ನಾಲಿಗೆ ತವಕಿಸಿತೆಂದು, ಗೆಳೆಯರೇ, ನಿಮ್ಮೆದುರು ಒಪ್ಪಿಕೊಳ್ಳುತ್ತೇನೆ. ಶರಣಮ್ಮನ ಮುಖ ನೋಡಿ, “ತಪ್ಪು ನನ್ನದು” ಎಂದೆ. ಸಾಲಿನ ಕೊನೆಯ ಗುರುತು ಬರುವವರೆಗೂ ಅಕ್ಷರಗಳನ್ನು ಕೂಡಿಡುವಂತೆ ಅಲ್ಲೇ ಕೂತು ತಿದ್ದಿದೆ.

ಮಾನ್ವಿಗೆ ಫೋನು ಮಾಡಿದಾಗ, ಹಿಂದಿನ ದಿನ ಒಂದೇ ಒಂದು ವರದಿ ಹಾಗೆ ಹೋಗಿದೆ ಎಂದು ತಿಳಿಯಿತು. ತಿದ್ದಿದ ವರದಿ ಹಿಡಿದು ಆ ಮನೆಗೆ ನಾನೇ ಹೋದೆ. ನಿವೃತ್ತ ಮೇಷ್ಟ್ರ ಹೆಂಡತಿ, ವರದಿಯಲ್ಲಿ 3.1 ಎಂದಿದ್ದರೂ ಆಸ್ಪತ್ರೆಗೆ ಹೋಗಲೊಪ್ಪದೆ, ಮಂಚದ ಮೇಲೆ ಒರಗಿದ್ದರು. ಒಳಗೆ ಮೇಷ್ಟ್ರು ರೊಟ್ಟಿ ಬಡಿಯುವ ಸದ್ದು ಕೇಳುತ್ತಿತ್ತು, ಬಹುಶಃ ಆ ಮನೆಯ ಚರಿತ್ರೆಯಲ್ಲೇ ಮೊದಲ ಸಲ.

ನಾನು ಎಲ್ಲವನ್ನೂ ವಿವರಿಸಿ ಕ್ಷಮೆ ಕೇಳಿದೆ. ಆಕೆ 13.1 ಎಂಬುದನ್ನು ಎರಡು ಸಲ ಓದಿ, ಕಾಗದವನ್ನು ನಾಲ್ಕಾಗಿ ಮಡಚಿ ದಿಂಬಿನಡಿ ಸರಿಸಿದರು.

“ಛಲೋ ಆತು ಬಿಡ್ರಿ,” ಎಂದು ದನಿ ತಗ್ಗಿಸಿದರು. “ಅವರಿಗೆ ನಾನೇ ಹೇಳ್ತೀನಿ. ಎರಡು ದಿನ ತಡದು.”