ನೀಲತ್ತೆಯ ಹಣ್ಣಿನ ಕಷಾಯ

ಲೋಟ ತುಟಿಗೆ ತಾಗುವ ಮೊದಲೇ ಅದರ ವಾಸನೆ ಬಂದು ತಲುಪಿತ್ತು. ದಾವಣಗೆರೆಯಲ್ಲೇ ಇರುವ ನನ್ನ ತಂಗಿಯ ಮಗಳು ಹೊಸ ಮನೆ ಮಾಡಿದ ಮೇಲೆ ನಾನು ಅಲ್ಲಿಗೆ ಹೋದದ್ದು ಅದೇ ಮೊದಲು. ಊಟವಾಗಿತ್ತು. ಮಧ್ಯಾಹ್ನದ ಬಿಸಿಲು ಕಿಟಕಿಯ ಪರದೆಯ ಮೇಲೆ ಹಳದಿಯಾಗಿ ನಿಂತಿತ್ತು, ಫ್ಯಾನಿನ ಗಾಳಿಗೆ ನನಗೆ ಅರೆನಿದ್ದೆ ಹತ್ತಿತ್ತು. "ದೊಡ್ಡಮ್ಮ, ಇದೊಂದು ಕುಡ್ದು ನೋಡ್ರಿ. ಚಾಪುಡಿ ಇಲ್ಲದ ಚಾ. ಬರೀ ಹಣ್ಣು, ಮಸಾಲೆ ಅಷ್ಟೇ," ಎಂದು ಅವಳು ಗಾಜಿನ ಲೋಟವೊಂದನ್ನು ಕೈಗಿತ್ತಳು. ಒಳಗೆ ಸಣ್ಣ ಚೀಲವೊಂದು ದಾರಕ್ಕೆ ಜೋತುಬಿದ್ದು ಬಿಸಿನೀರಿಗೆ ನಿಧಾನವಾಗಿ ಕೆಂಪು ಬಿಡುತ್ತಿತ್ತು. ಡಬ್ಬಿಯ ಮೇಲೆ ಅನಾನಸ್, ಮಾವು, ದಾಸವಾಳದ ಚಿತ್ರಗಳಿದ್ದವು. ಒಂದು ಗುಟುಕು ಕುಡಿದೆ. ಮೊದಲು ಹುಳಿ, ಹಲ್ಲಿನ ಬೇರಿಗೆ ಇಳಿಯುವಂಥ ಹುಳಿ. ಅದರ ಬೆನ್ನಿಗೆ ಶುಂಠಿ. ನುಂಗಿದ ಮೇಲೆ ಗಂಟಲಲ್ಲಿ ಎಷ್ಟೋ ಹೊತ್ತು ಉಳಿಯುವ ಲವಂಗದ ಬಿಸಿ. ನಾನು ಕಣ್ಣು ಮುಚ್ಚಿಕೊಂಡೆ. "ಹುಳಿ ಜಾಸ್ತಿ ಆತೇನ್ರಿ?" ಎಂದಳು ಹುಡುಗಿ. ಇಲ್ಲವೆಂದು ತಲೆಯಾಡಿಸಿದೆ. ಐವತ್ತು ವರ್ಷಗಳಾಚೆಯ ಹರಿಹರದ ಅಡಿಗೆಮನೆಯೊಂದು ಹೊಗೆ, ಮಸಿ, ಬೆಳಕುಗಳೊಂದಿಗೆ ನನ್ನ ಬಾಯೊಳಗೆ ಬಂದು ಕೂತುಬಿಟ್ಟಿತ್ತು.

ನಮ್ಮ ಮನೆ ಹರಿಹರದಲ್ಲಿ, ಹೊಳೆಯಿಂದ ಕೂಗಳತೆಯ ದೂರದಲ್ಲಿತ್ತು. ಅಜ್ಜನಿಗೆ ಹಣ್ಣಿನ ವ್ಯಾಪಾರ. ಅಂಗಡಿ ಪೇಟೆಯಲ್ಲಿದ್ದರೂ ಹಣ್ಣುಗಳೆಲ್ಲ ಒಂದು ರಾತ್ರಿಯಾದರೂ ನಮ್ಮ ಮನೆಯಲ್ಲಿ ತಂಗಿಯೇ ಹೋಗುತ್ತಿದ್ದವು. ಹಿಂದಿನ ಕೋಣೆಯಲ್ಲಿ ಮಾವಿನಕಾಯಿಗಳು ಭತ್ತದ ಹುಲ್ಲಿನ ಒಳಗೆ ಬೆಚ್ಚಗೆ ಮಲಗಿ ಹಣ್ಣಾಗುತ್ತಿದ್ದವು. ಕೊಂಡಜ್ಜಿ ಊರಿನ ಕಡೆಯಿಂದ ಸೀತಾಫಲದ ಬುಟ್ಟಿಗಳು, ಬೇಲದ ಹಣ್ಣುಗಳು ಬರುತ್ತಿದ್ದವು. ಅನಾನಸ್ ಮಾತ್ರ ದಾವಣಗೆರೆಯ ಮಾರುಕಟ್ಟೆಯಿಂದ ಇಮಾಂ ಸಾಬರ ಗಾಡಿಯಲ್ಲಿ ಬರುತ್ತಿತ್ತು. ಇಮಾಂ ಸಾಬರು ಅಜ್ಜನ ಜೊತೆಗಾರರು. ಹಣ್ಣನ್ನು ಕಿವಿಯ ಹತ್ತಿರ ಹಿಡಿದು ಬೆರಳಿನಿಂದ ತಟ್ಟಿ, ಒಳಗೆ ಹೇಗಿದೆ ಎಂದು ಹೇಳುತ್ತಿದ್ದ ಮನುಷ್ಯ. ಚಲೋ ಹಣ್ಣು ಅಂಗಡಿಗೆ ಹೋದರೆ ಪೆಟ್ಟು ತಿಂದದ್ದು, ಒಂದು ಕಡೆ ಮೆತ್ತಗಾದದ್ದು ಅಡಿಗೆಮನೆಗೆ ಬರುತ್ತಿತ್ತು. ಹೀಗಾಗಿ ನಾವು ಮಕ್ಕಳು ಬೆಳೆದದ್ದು ಪೆಟ್ಟು ಬಿದ್ದ ಹಣ್ಣುಗಳ ರುಚಿಯಲ್ಲಿ. ಹಣ್ಣಿಗೆ ಕಪ್ಪು ಕಲೆ ಇಲ್ಲದಿದ್ದರೆ ಅದು ನಮ್ಮದಲ್ಲ ಎಂದೇ ನಾನು ಬಹಳ ದಿನ ತಿಳಿದಿದ್ದೆ.

ಆ ಹಣ್ಣುಗಳಿಗೆ ಗತಿ ಕಾಣಿಸುತ್ತಿದ್ದವಳು ನೀಲತ್ತೆ, ನಮ್ಮಪ್ಪನ ಕಿರಿಯ ತಂಗಿ. ಕಲಾಯಿ ಹಾಕಿದ ಹಿತ್ತಾಳೆಯ ಬೋಗುಣಿಯಲ್ಲಿ ನೀರಿಟ್ಟು, ಅನಾನಸಿನ ಸಿಪ್ಪೆ, ನಡುವಿನ ಗಟ್ಟಿ ತಿರುಳು, ಒಣಗಿಸಿಟ್ಟ ಮಾವಿನಕಾಯಿಯ ಹೋಳು, ಒಂದೆಸಳು ಹುಣಸೆ, ಜಜ್ಜಿದ ಒಣಶುಂಠಿ, ಮೆಣಸು, ಲವಂಗ, ಕೊನೆಗೆ ಬೆಲ್ಲ ಹಾಕಿ ಸಣ್ಣ ಉರಿಯಲ್ಲಿ ಕುದಿಸುತ್ತಿದ್ದಳು. ಕುದಿ ಬಂದಂತೆ ಮನೆಯ ವಾಸನೆಯೇ ಬದಲಾಗುತ್ತಿತ್ತು. ಕಣ್ಣು ಸಣ್ಣಗೆ ಉರಿಯುತ್ತಿತ್ತು, ಬಾಯಲ್ಲಿ ನೀರೂರುತ್ತಿತ್ತು. ಮೊದಲ ಲೋಟ ಅಜ್ಜನಿಗೆ. ಅಜ್ಜ ಹಣೆಗೆ ವಿಭೂತಿ ಹಚ್ಚಿಕೊಂಡು ಪಡಸಾಲೆಯ ಕಂಬಕ್ಕೆ ಒರಗಿ, ಒಂದು ಗುಟುಕು ಬಾಯಲ್ಲಿ ಹಿಡಿದು, ಒಳಗೆ ಏನೇನಿದೆಯೆಂದು ಒಂದೊಂದಾಗಿ ಹೇಳಬೇಕು. ಬಾಗಿಲಲ್ಲಿ ನಿಂತ ಅತ್ತೆ ಹೌದು, ಅಲ್ಲ ಎನ್ನಬೇಕು. ಅವರಿಬ್ಬರ ಆಟ ಅದು. ಅಜ್ಜನಿಗೆ ತಪ್ಪಲಿ ಎಂದು ಅತ್ತೆ ಒಮ್ಮೊಮ್ಮೆ ತುಳಸಿಯನ್ನೋ ಸೀಬೆಯ ಚಿಗುರನ್ನೋ ಕದ್ದು ಸೇರಿಸುತ್ತಿದ್ದಳು. ಅಜ್ಜ ತಪ್ಪುತ್ತಿರಲಿಲ್ಲ. ಬೇರೆ ಮನೆಗಳಲ್ಲಿ ಬೆಳೆದ ಹೆಣ್ಣುಮಕ್ಕಳು ಅಪ್ಪನ ಎದುರು ನಿಲ್ಲುವುದಕ್ಕೂ ಹಿಂಜರಿಯುತ್ತಿದ್ದ ಕಾಲದಲ್ಲಿ ಅವರಿಬ್ಬರೂ ಹಾಗೆ ಒಂದು ಲೋಟದ ಆಚೆ ಈಚೆ ನಿಂತು ನಗುತ್ತಿದ್ದರು.

ನನಗೆ ಎಂಟು ವರ್ಷವಿದ್ದಾಗ ನೀಲತ್ತೆಯ ಮದುವೆಯಾಯಿತು. ಗಂಡು ಮಾಯಕೊಂಡದ ಆಚೆಯ ಒಂದು ಹಳ್ಳಿಯ ಜಮೀನುದಾರರ ಮನೆಯವನು. ಹುಡುಕಿ ತಂದವನು ಅಜ್ಜನೇ. ಮಗಳಿಗೆ ಒಳ್ಳೆಯ ಮನೆ ಸಿಕ್ಕಿತೆಂದು ಊರೆಲ್ಲ ಹೇಳಿಕೊಂಡು ಓಡಾಡಿದ್ದ. ವರ್ಷ ತುಂಬುವ ಮೊದಲೇ ಒಂದು ಬೆಳಿಗ್ಗೆ ಅತ್ತೆ ಒಬ್ಬಳೇ ಬಸ್ಸಿಳಿದು ಬಂದಳು. ಕೈಯಲ್ಲಿ ಒಂದು ಸಣ್ಣ ಗಂಟು ಬಿಟ್ಟು ಬೇರೇನಿರಲಿಲ್ಲ. ಅಜ್ಜಿ ಅಳುತ್ತ ಒಳಗೆ ಕರೆದುಕೊಂಡಳು. ಅಜ್ಜ ಮಗಳ ಕಡೆ ಒಮ್ಮೆ ನೋಡಿ, ಟವೆಲನ್ನು ಹೆಗಲಿಗೆ ಹಾಕಿಕೊಂಡು ಅಂಗಡಿಗೆ ಹೊರಟುಹೋದ. ಹೇಳದೆ ಕೇಳದೆ ಬಂದಳೆಂದು ಸಿಟ್ಟೋ, ತಾನೇ ಹುಡುಕಿದ ಸಂಬಂಧವೆಂದು ನಾಚಿಕೆಯೋ, ಅಂದಿನಿಂದ ಅವನು ಅವಳೊಂದಿಗೆ ಮಾತು ಬಿಟ್ಟ. ಏನಾಯಿತೆಂದು ಕೇಳಲಿಲ್ಲ. ಅವನು ಕೇಳದಿದ್ದ ಮೇಲೆ ಆ ಮನೆಯಲ್ಲಿ ಇನ್ಯಾರೂ ಬಾಯಿಬಿಟ್ಟು ಕೇಳುವಂತಿರಲಿಲ್ಲ. ಅತ್ತೆ ಕಷಾಯ ಮಾಡುತ್ತಿದ್ದಳು, ಲೋಟವನ್ನು ಅಜ್ಜನ ಪಕ್ಕದಲ್ಲಿಟ್ಟು ಬಾಗಿಲಲ್ಲಿ ನಿಲ್ಲುತ್ತಿದ್ದಳು. ಅಜ್ಜ ಕುಡಿಯುತ್ತಿದ್ದ. ಖಾಲಿ ಲೋಟ ಕೆಳಗಿಡುತ್ತಿದ್ದ. ಅಷ್ಟೇ. ಹೀಗೆ ನಾಲ್ಕು ತಿಂಗಳು ಕಳೆದವು.

ಅವಳು ಬಂದ ವಾರದಲ್ಲೇ ಒಂದು ದಿನ, ಬಚ್ಚಲುಮನೆಗೆ ಸೀಗೆಪುಡಿ ಕೊಡಲು ಹೋದವಳು ನಾನು ಅತ್ತೆಯ ಬೆನ್ನು ನೋಡಿಬಿಟ್ಟೆ. ಉದ್ದುದ್ದ ಬಾಸುಂಡೆಗಳಿದ್ದವು. ಕೆಲವು ಒಣಗಿ ಕಪ್ಪಾಗಿದ್ದವು, ಕೆಲವು ಇನ್ನೂ ಕೆಂಪಗಿದ್ದವು. ಅತ್ತೆ ತಿರುಗಿ ನೋಡಿದಳು. ಒದ್ದೆ ಕೈಯಿಂದಲೇ ನನ್ನ ಗಲ್ಲ ಹಿಡಿದು, "ಯಾರಿಗೂ ಹೇಳಬ್ಯಾಡ. ನನ್ನ ಮ್ಯಾಲೆ ಆಣೆ ಮಾಡು," ಎಂದಳು. ಆಣೆ ಮಾಡಿದೆ. ಆಮೇಲೆ ನನಗೆ ಎಷ್ಟೋ ದಿನ ಊಟ ಸೇರಲಿಲ್ಲ. ಅಜ್ಜ ಅಂಗಡಿಯಿಂದ ಬಂದು ಕಾಲು ತೊಳೆಯುವಾಗೆಲ್ಲ ಅವನ ಹತ್ತಿರ ಹೋಗಿ ನಿಲ್ಲುತ್ತಿದ್ದೆ. "ಏನವ್ವ?" ಎಂದು ಕೇಳಿದರೆ ಏನಿಲ್ಲ ಎಂದು ಓಡುತ್ತಿದ್ದೆ.

ಗಂಡನ ಮನೆಯವರು ಬಂದದ್ದು ಬೇಸಿಗೆಯ ಒಂದು ಬೆಳಿಗ್ಗೆ. ಅತ್ತೆಯ ಗಂಡ, ಅವನ ದೊಡ್ಡಪ್ಪ, ಇಬ್ಬರೇ. ಮೊದಲೇ ಹೇಳಿ ಕಳಿಸಿದ್ದರಿಂದ ಅಜ್ಜಿ ಹಿಂದಿನ ದಿನವೇ ಅತ್ತೆಯ ಟ್ರಂಕು ತುಂಬಿಟ್ಟಿದ್ದಳು. ಪಡಸಾಲೆಯಲ್ಲಿ ಜಮಖಾನೆ ಹಾಸಿತ್ತು. "ಆದದ್ದು ಆಗೋತು. ಗಂಡ ಹೆಂಡ್ತಿ ಅಂದ್ಮೇಲೆ ಒಂದು ಮಾತು ಬರ್ತೈತೆ, ಹೋಗ್ತೈತೆ. ಇವತ್ತು ದಿನ ಚೆನ್ನಾಗೈತೆ, ಕಳಿಸಿಕೊಡ್ರಿ," ಎಂದರು ದೊಡ್ಡಪ್ಪ. ಅವರ ದನಿ ಮೆತ್ತಗಿತ್ತು, ಕೇಳಿದವರಿಗೆ ಒಪ್ಪಬೇಕೆನ್ನಿಸುವಂತಿತ್ತು. ಅಜ್ಜ ನೆಲ ನೋಡುತ್ತ ಹೂಂ ಎಂದ. ಅಷ್ಟರಲ್ಲಿ ಅತ್ತೆ ತಟ್ಟೆಯಲ್ಲಿ ಕಷಾಯದ ಲೋಟಗಳನ್ನು ಹಿಡಿದು ಬಂದಳು. ದೊಡ್ಡಪ್ಪನಿಗೆ ಕೊಟ್ಟಳು. ಅಜ್ಜನ ಪಕ್ಕದಲ್ಲಿಟ್ಟಳು. ಗಂಡನ ಮುಂದೆ ಬಗ್ಗುವಾಗ ತಟ್ಟೆ ಓರೆಯಾಯಿತು. ಲೋಟ ವಾಲಿ ಬಿಸಿ ಕಷಾಯ ಅವನ ಬಿಳಿ ಪಂಚೆಯ ಮೇಲೆ ಚೆಲ್ಲಿತು. ಅವನು ತಲೆಯೆತ್ತಿ ನೋಡಿದ. ಅವನು ನೋಡಿದ್ದೇ ತಡ, ಅತ್ತೆ ಒಂದು ಹೆಜ್ಜೆ ಹಿಂದೆ ಸರಿದು ಮುಖಕ್ಕೆ ಮೊಳಕೈ ಅಡ್ಡ ಹಿಡಿದಳು.

ಅಜ್ಜ ಬಾಯಿಯ ಹತ್ತಿರ ಒಯ್ದಿದ್ದ ಲೋಟವನ್ನು ಕೆಳಗಿಟ್ಟ. ನಾಲ್ಕು ತಿಂಗಳ ಮೇಲೆ ಮೊದಲ ಸಲ ಮಗಳ ಮುಖ ನೋಡಿ ಕೇಳಿದ, "ನೀಲಾ, ಯಾಕವ್ವ ಕೈ ಅಡ್ಡ ಹಿಡ್ದೆ?"

ಅತ್ತೆ ಕೈ ಇಳಿಸಿದಳು. ಅವಳ ತುಟಿ ಅಲುಗಿದ್ದು ನನಗೆ ಕಾಣಿಸಿತು. ಕಂಬದ ಹಿಂದೆ ನಿಂತಿದ್ದ ನನಗೆ ಇನ್ನು ತಡೆಯಲಾಗಲಿಲ್ಲ. "ಅತ್ತೆ ಬೆನ್ನ ತುಂಬ ಬಾಸುಂಡೆ ಇದ್ವು ಅಜ್ಜ. ನಾ ನೋಡೀನಿ," ಎಂದುಬಿಟ್ಟೆ.

"ಸಣ್ಣ ಹುಡುಗಿ ಮಾತು ಕೇಳ್ಕಂಡು..." ಎಂದು ದೊಡ್ಡಪ್ಪ ಶುರುಮಾಡಿದರು. "ಹುಡುಗಿ ಮಾತಲ್ಲ. ಈಗ ನಾನೇ ನೋಡ್ದೆ," ಎಂದ ಅಜ್ಜ. ದನಿ ಏರಿಸಲಿಲ್ಲ. "ಕಷಾಯ ಕುಡೀರಿ. ಕುಡ್ದು ಹೋಗಿ ಬರ್ರಿ. ಮಗಳು ಇಲ್ಲೇ ಇರ್ತಾಳೆ." ಅವರು ಕುಡಿಯದೆ ಎದ್ದರು. ಬಾಗಿಲವರೆಗೂ ಹೋಗಿ ಕಳಿಸಿ ಬಂದ ಅಜ್ಜ, ಮತ್ತೆ ಅದೇ ಕಂಬಕ್ಕೆ ಒರಗಿ ಕೂತ. ಅಜ್ಜಿ ಟ್ರಂಕು ತೆಗೆದು ಸೀರೆಗಳನ್ನು ಒಂದೊಂದಾಗಿ ಹೊರಗೆ ಇಡತೊಡಗಿದಳು. ಅತ್ತೆ ಜಮಖಾನೆಯನ್ನು ಸುತ್ತಿಕೊಂಡು ಹೊಳೆಗೆ ಒಗೆಯಲು ಹೋದಳು. ನಾನು ಜೊತೆಗೆ ಹೊರಟರೆ ಬ್ಯಾಡ ಎಂದು ಕೈಯಲ್ಲೇ ತಡೆದಳು.

ಎರಡು ದಿನ ಅವಳು ನನ್ನೊಡನೆ ಮಾತಾಡಲಿಲ್ಲ. ಜಡೆ ಹೆಣೆದಳು, ಊಟಕ್ಕೆ ಬಡಿಸಿದಳು, ಆದರೆ ಮಾತಿಲ್ಲ. ಆಣೆ ಮುರಿದೆನೆಂದು ಸಿಟ್ಟು ಎಂದುಕೊಂಡೆ. ಮೂರನೆಯ ದಿನ ಇಮಾಂ ಸಾಬರು ಬಂದರು. ಊರಲ್ಲಿ ಎಲ್ಲರಿಗೂ ಸುದ್ದಿ ತಿಳಿದಿತ್ತು, ಕೆಲವರು ನಮ್ಮ ಮನೆಯ ಮುಂದೆ ನಡೆಯುವಾಗ ದನಿ ತಗ್ಗಿಸುತ್ತಿದ್ದರು. ಇಮಾಂ ಸಾಬರು ಏನನ್ನೂ ಕೇಳಲಿಲ್ಲ. ಆರು ಅನಾನಸುಗಳನ್ನು ಪಡಸಾಲೆಯಲ್ಲಿ ಸಾಲಾಗಿ ಇಟ್ಟು, "ಪೆಟ್ಟು ಬಿದ್ದಿರೋವಲ್ಲ ಇವು, ಚಲೋವು. ನಮ್ಮ ನೀಲಾ ಬೇಟಿಗೆ ಕೊಡ್ರಿ," ಎಂದು ಹೇಳಿ ಹೋದರು. ಆ ಸಂಜೆ ಅತ್ತೆ ಬೋಗುಣಿ ಒಲೆಗಿಟ್ಟಳು. ಅಜ್ಜ ಒಂದು ಗುಟುಕು ಬಾಯಲ್ಲಿ ಹಿಡಿದು, ನುಂಗಿ, "ಲವಂಗ ಮುಂದಾಗೈತೆ. ಮೆಣಸು ಹಿಂದೆ ಉಳಿದೈತೆ," ಎಂದ. ಬಾಗಿಲಲ್ಲಿ ನಿಂತ ಅತ್ತೆ, "ಮೆಣಸು ಹಾಕೇ ಇಲ್ಲಪ್ಪ," ಎಂದಳು. ಅಜ್ಜ ತಪ್ಪಿದ್ದು ಅದೇ ಮೊದಲು. ಇಬ್ಬರೂ ನಕ್ಕರು. ನಗುತ್ತಲೇ ಅಜ್ಜ ಟವೆಲಿನಿಂದ ಕಣ್ಣೊರೆಸಿಕೊಂಡದ್ದನ್ನು ನಾನು ಕಷಾಯದ ಘಾಟಿಗೆ ಎಂದುಕೊಂಡೆ.

ಅತ್ತೆ ಮತ್ತೆ ಮದುವೆಯಾಗಲಿಲ್ಲ. ಬಿಟ್ಟ ಓದನ್ನು ಮುಂದುವರಿಸಿ, ಕೆಲವು ವರ್ಷಗಳ ಮೇಲೆ ಕೊಕ್ಕನೂರಿನ ಅಂಗನವಾಡಿಗೆ ಟೀಚರಾಗಿ ಸೇರಿದಳು. ದಿನಾ ಬೆಳಿಗ್ಗೆ ಬಸ್ಸಿನಲ್ಲಿ ಹೋಗಿ ಬರುತ್ತಿದ್ದಳು. ಮಳೆಗಾಲದಲ್ಲಿ ಕೆಮ್ಮುವ ಮಕ್ಕಳಿಗೆಂದು ದೊಡ್ಡ ಥರ್ಮಾಸ್ ತುಂಬ ಕಷಾಯ ಒಯ್ಯುತ್ತಿದ್ದಳು. ಊರವರು ಅವಳನ್ನು ನೀಲಕ್ಕ ಎಂದೇ ಕರೆದರು. ಅಜ್ಜ, ಅಜ್ಜಿ, ಇಮಾಂ ಸಾಬರು ಒಬ್ಬೊಬ್ಬರಾಗಿ ಹೋದರು. ಅಪ್ಪ, ಚಿಕ್ಕಪ್ಪಂದಿರು ಸೇರಿ ಮನೆ ಮಾರಿದರು. ಮಾವಿಗೆ ಹುಲ್ಲು ಹಾಸಿದ್ದ ಕೋಣೆಯ ಜಾಗದಲ್ಲಿ ಈಗ ಟೈಲ್ಸ್ ಅಂಗಡಿ ಇದೆ. ಒಮ್ಮೆ ಒಳಗೆ ಹೋಗಿ ನಿಂತೆ; ಸಿಮೆಂಟಿನ, ರಟ್ಟಿನ ವಾಸನೆ ಬಿಟ್ಟರೆ ಬೇರೇನೂ ಇರಲಿಲ್ಲ.

ಕೆಲಸದಿಂದ ನಿವೃತ್ತಳಾದ ಮೇಲೆ ಅತ್ತೆ ದಾವಣಗೆರೆಯಲ್ಲಿ ನಮ್ಮ ಓಣಿಯಲ್ಲೇ ಒಂದು ಸಣ್ಣ ಮನೆ ಬಾಡಿಗೆಗೆ ಹಿಡಿದಿದ್ದಳು. ಅವಳ ಕೊನೆಯ ವರ್ಷಗಳಲ್ಲಿ ಒಂದು ಮಧ್ಯಾಹ್ನ, ಇಬ್ಬರೂ ನೆಲದ ಮೇಲೆ ಕೂತು ಮೆಂತ್ಯಸೊಪ್ಪು ಬಿಡಿಸುತ್ತಿದ್ದೆವು. ಮಾತಿಗೆ ಮಾತು ಬಂದು ನಾನೆಂದೆ, "ಅವತ್ತು ನಾ ಬಾಯಿ ಬಿಡದೇ ಇದ್ದಿದ್ರೆ ಏನಾಗ್ತಿತ್ತೋ ಏನೋ ಅತ್ತೆ." ನನ್ನ ಮಾತಿನಲ್ಲಿ ಒಂದಿಷ್ಟು ಹೆಮ್ಮೆ ಇತ್ತು. ಅಷ್ಟು ವರ್ಷವೂ ಅವಳನ್ನು ಉಳಿಸಿದವಳು ನಾನೆಂದೇ ನಂಬಿದ್ದೆ.

ಅತ್ತೆ ಸೊಪ್ಪಿನಿಂದ ಕಣ್ಣು ತೆಗೆಯಲಿಲ್ಲ. "ನಾನೇ ಹೇಳ್ತಿದ್ದೆ," ಎಂದಳು. "ನಾಲ್ಕು ತಿಂಗಳು ಅಪ್ಪ ಒಂದ್ಸಲ ಕೇಳ್ಲಿ ಅಂತ ಕಾದಿದ್ದೆ. ಕೇಳಿದ. ಮಾತು ಬಾಯಿಗೆ ಬಂದಿತ್ತು. ಅಷ್ಟರಾಗೆ ನೀ ಹೇಳಿಬಿಟ್ಟೆ." ನನ್ನ ಮುಖ ನೋಡಿ ನಕ್ಕಳು. "ಒಂದು ಉಸಿರು ತಡೀಬೇಕಿತ್ತು ನೀನು. ಇರ್ಲಿ ಬಿಡು, ಸಣ್ಣಾಕಿ ಇದ್ದೆ. ನಿಂಗೇನು ಗೊತ್ತು."

ನನ್ನ ಕೈಯಲ್ಲಿದ್ದ ಸೊಪ್ಪು ಕೈಯಲ್ಲೇ ಉಳಿಯಿತು. ಕೇಳಿದೆ, "ಏನಂತ ಹೇಳ್ಬೇಕು ಅಂತಿದ್ದೆ ಅತ್ತೆ?"

ಅವಳು ಕಿಟಕಿಯ ಕಡೆ ತಿರುಗಿದಳು. ಹೊರಗೆ ಯಾರದೋ ಮನೆಯ ಒಗೆದ ಬಟ್ಟೆಗಳು ಬಿಸಿಲಲ್ಲಿ ಅಲುಗುತ್ತಿದ್ದವು. ನೆನಪು ಮಾಡಿಕೊಳ್ಳುವವಳಂತೆ ಹುಬ್ಬು ಕೂಡಿಸಿ, ತುಟಿಯನ್ನು ಒಮ್ಮೆ ಅಲುಗಿಸಿ, "ಈಗ ನೆಪ್ಪಿಲ್ಲ ತಾಯಿ," ಎಂದಳು.

ಅದಾದ ಎರಡು ವರ್ಷಕ್ಕೆ ಅತ್ತೆ ಹೋದಳು. ಕೊಕ್ಕನೂರಿನಿಂದ ಒಂದು ಟೆಂಪೋ ತುಂಬ ಜನ ಬಂದಿದ್ದರು, ಅವಳ ಅಂಗನವಾಡಿಯಲ್ಲಿ ಬೆಳೆದ, ನಾನು ಕಂಡು ಕೇಳರಿಯದ ಮೀಸೆ ಹೊತ್ತ ಗಂಡಸರು ಚಿಕ್ಕ ಮಕ್ಕಳಂತೆ ಅತ್ತರು. ಅವಳು ಅಪ್ಪನಿಗೆಂದು ನಾಲ್ಕು ತಿಂಗಳು ಒಳಗೇ ಇಟ್ಟುಕೊಂಡು ಬಂದಿದ್ದ ಆ ಒಂದು ಮಾತು ಏನಿತ್ತೆಂದು ಅವರಲ್ಲಿ ಯಾರಿಗೂ ಗೊತ್ತಿಲ್ಲ. ನನಗೂ ಗೊತ್ತಿಲ್ಲ.