ತೊಡೆಯ ಮೇಲಿಟ್ಟ ಬ್ಯಾಗು

ವೆಸ್ಟೆರಾಸ್‌ನಲ್ಲಿ ಮನೆ, ಸ್ಟಾಕ್‌ಹೋಮ್‌ನಲ್ಲಿ ಆಫೀಸು. ದಿನಾ ಹೋಗಲು ಒಂದು ಗಂಟೆ, ಬರಲು ಒಂದು ಗಂಟೆ ರೈಲು. ಮೊದಲ ಚಳಿಗಾಲದಲ್ಲಿ ಆ ರೈಲನ್ನು ಕಂಡರೆ ನನಗೆ ಮೈ ಉರಿಯುತ್ತಿತ್ತು. ಹೊತ್ತಿಗೆ ಸರಿಯಾಗಿ ಬರುವುದಿಲ್ಲ ಎಂದಲ್ಲ, ಒಳಗೆ ಯಾರೂ ಬಾಯಿ ಬಿಡುವುದಿಲ್ಲವಲ್ಲ ಎಂದು. ಪಕ್ಕದ ಸೀಟು ಖಾಲಿಯಿದ್ದರೂ ಬಾಗಿಲ ಹತ್ತಿರ ನಿಂತೇ ಹೋಗುವ ಜನ. ನಾನೋ, ಬನಶಂಕರಿಯಿಂದ ಮೆಜೆಸ್ಟಿಕ್‌ಗೆ ಸಿಟಿ ಬಸ್ಸಿನಲ್ಲಿ ಓಡಾಡಿ ಬೆಳೆದವಳು. ಅಲ್ಲಿ ಎರಡು ಸ್ಟಾಪು ದಾಟುವುದರೊಳಗೆ ಪಕ್ಕದವರ ಮಗಳ ಮದುವೆ ಮಾತುಕತೆ ಎಲ್ಲಿಗೆ ಬಂತು ಎಂದು ತಿಳಿದುಬಿಡುತ್ತಿತ್ತು. "ಕಲ್ಲು ಜನ ಕಣ್ರೀ ಇವ್ರು" ಎಂದು ಗಂಡನ ಹತ್ತಿರ ಗೊಣಗುತ್ತಿದ್ದೆ. ಅವರಿಗೆ ದೂರದ ಶೋವ್ಡೆ ಎಂಬ ಊರಿನ ಕಾರ್ಖಾನೆಯಲ್ಲಿ ಕೆಲಸ, ಮನೆಗೆ ಬರುವುದು ಶನಿವಾರ ಭಾನುವಾರ ಮಾತ್ರ. ಹಾಗಾಗಿ ನನ್ನ ಗೊಣಗಾಟವೆಲ್ಲ ಫೋನಿನಲ್ಲೇ.

ಮಗಳಿಗೆ ಆಗ ಮೂರೂವರೆ ವರ್ಷ. ಡಾಗಿಸ್‌ಗೆ, ಅಂದರೆ ಇಲ್ಲಿನ ಶಿಶುವಿಹಾರಕ್ಕೆ, ಹೊಸದಾಗಿ ಸೇರಿದ್ದಳು. ಕನ್ನಡ ಬಿಟ್ಟು ಬೇರೆ ಮಾತು ಬಾರದು. ಎರಡು ವಾರ ನಾನೂ ಜೊತೆಗೆ ಕೂತು ಅಭ್ಯಾಸ ಮಾಡಿಸಿದ ಮೇಲೆ, ಅವಳನ್ನು ಒಂಟಿಯಾಗಿ ಬಿಟ್ಟುಬಂದ ಮೊದಲ ವಾರ ಅದು. ಪ್ರತಿ ಬೆಳಿಗ್ಗೆ ರಂಪ. ಅಮ್ಮ ಇಲ್ಲೇ ಬಿಟ್ಟು ಹೋಗಿಬಿಡುತ್ತಾಳೆ ಎಂಬ ಹೆದರಿಕೆ. ಸಂಜೆ ಆರಕ್ಕೆ ಬಾಗಿಲು ಹಾಕುತ್ತಾರೆ. ಒಂದೇ ಒಂದು ದಿನ ತಡವಾದರೂ ಅವಳು ಇನ್ನು ನನ್ನನ್ನು ನಂಬುವುದಿಲ್ಲ ಎಂದು ನನಗೆ ಅನಿಸಿಬಿಟ್ಟಿತ್ತು.

ಆ ಗುರುವಾರ ಸಂಜೆ ಮನೆಗೆ ಹೊರಟಾಗ ಒಂದು ರೈಲು ರದ್ದಾಗಿ, ಎರಡು ರೈಲಿನ ಜನ ಒಂದರಲ್ಲಿ ತುಂಬಿಕೊಂಡಿದ್ದರು. ಹೆಗಲಲ್ಲಿ ಭಾರದ ಬ್ಯಾಗು, ಮೈಮೇಲೆ ದಪ್ಪ ಕೋಟು, ಹಿಡಿದುಕೊಳ್ಳಲು ಒಂದು ಕಂಬಿ. ರೈಲು ಒಮ್ಮೆ ಜಗ್ಗಿದ್ದೇ ತಡ, ಹಳೆಯ ಅಭ್ಯಾಸ ಕೈಗೆ ಬಂದುಬಿಟ್ಟಿತು. ಎದುರು ಕೂತಿದ್ದ, ಅರವತ್ತರ ಆಸುಪಾಸಿನ ಹೆಂಗಸಿನ ತೊಡೆಯ ಮೇಲೆ ಬ್ಯಾಗು ಇಟ್ಟುಬಿಟ್ಟೆ. ಕೇಳಲೂ ಇಲ್ಲ. ನಮ್ಮೂರ ಬಸ್ಸಿನಲ್ಲಿ ಯಾರು ಕೇಳುತ್ತಾರೆ? ಕೂತವರು ನಿಂತವರ ಬ್ಯಾಗು, ಟಿಫನ್ ಡಬ್ಬಿ, ಒಮ್ಮೊಮ್ಮೆ ಮಗುವನ್ನೂ ಇಟ್ಟುಕೊಳ್ಳುತ್ತಾರೆ, ಅಷ್ಟೆ.

ಆಕೆ ಬ್ಯಾಗು ನೋಡಿದರು, ನನ್ನನ್ನು ನೋಡಿದರು. ಸುತ್ತಲಿದ್ದವರು ಕಿಟಕಿಯ ಕಡೆ ಮುಖ ತಿರುಗಿಸಿದರು. ಏನು ಮಾಡಿದೆನೆಂದು ಹೊಳೆದಾಗ ನಾಚಿಕೆಯಿಂದ ಭೂಮಿಗಿಳಿದು ಹೋದೆ. "ಸಾರಿ, ಸಾರಿ" ಎಂದು ಕೈ ಚಾಚಿದೆ. ಆಕೆ ಕೊಡಲಿಲ್ಲ. ಬ್ಯಾಗನ್ನು ನೆಟ್ಟಗೆ ಮಾಡಿ, ಇರಲಿ ಎಂಬಂತೆ ತಲೆಯಾಡಿಸಿ, ತುಂಬಿದ ಪಾತ್ರೆ ಹಿಡಿದವರ ಹಾಗೆ ಎರಡೂ ಕೈಯಲ್ಲಿ ಹಿಡಿದು ಕೂತರು.

ನಡುದಾರಿಯ ಎನ್‌ಶೋಪಿಂಗ್ ಸ್ಟೇಷನ್ ಇನ್ನೂ ಬಂದಿರಲಿಲ್ಲ, ರೈಲು ಹೊಲಗಳ ನಡುವೆ ನಿಂತುಬಿಟ್ಟಿತು. ಸಿಗ್ನಲ್ ಕೆಟ್ಟಿದೆ ಎಂದು ಸ್ಪೀಕರಿನಲ್ಲಿ ಹೇಳಿದರು. ಹತ್ತು ನಿಮಿಷ, ಇಪ್ಪತ್ತು ನಿಮಿಷ. ಐದೂಮುಕ್ಕಾಲು ಆಯಿತು. ಯಾರೂ ಚಕಾರ ಎತ್ತಲಿಲ್ಲ. ಆಕೆಯ ತೊಡೆಯ ಮೇಲಿದ್ದ ಬ್ಯಾಗಿನಿಂದ ಫೋನು ತೆಗೆದು ಡಾಗಿಸ್‌ಗೆ ಮಾಡಿದೆ. ಟೀಚರು ಮಗಳ ಕೈಗೇ ಫೋನು ಕೊಟ್ಟರು. ಅವಳ ಅಳು ಕೇಳಿ ನನಗೂ ಅಳು ಬಂತು, ನನ್ನ ಅಳು ಕೇಳಿ ಅವಳು ಇನ್ನೂ ಜೋರು ಮಾಡಿದಳು. ಟೀಚರು ಮತ್ತೆ ಫೋನು ಹಿಡಿದು ಏನೋ ಕೇಳಿದರು. ಕಲಿತ ನಾಲ್ಕು ಸ್ವೀಡಿಷ್ ಪದವೂ, ಬರುವ ಇಂಗ್ಲಿಷೂ ಆ ಹೊತ್ತಿಗೆ ಕೈಕೊಟ್ಟವು. ಅಷ್ಟು ಜನರ ಮುಂದೆ ಗಳಗಳನೆ ಅತ್ತುಬಿಟ್ಟೆ.

ಆಕೆ ಕೈ ನೀಡಿದರು. ಫೋನು ಕೊಟ್ಟೆ. ಸಮಾಧಾನವಾಗಿ ಸ್ವೀಡಿಷ್‌ನಲ್ಲಿ ಮಾತಾಡಿದರು. ಆಮೇಲೆ ನನ್ನ ಕಡೆ ತಿರುಗಿ ಇಂಗ್ಲಿಷಿನಲ್ಲಿ, "ಟೀಚರು ಕಾಯುತ್ತಾರಂತೆ. ಆದರೆ ಅವರು ಹೇಳುವುದು ಮಗುವಿಗೆ ಅರ್ಥವಾಗುತ್ತಿಲ್ಲ. ನಿಮ್ಮ ಭಾಷೆಯಲ್ಲಿ ಏನು ಹೇಳಬೇಕು?" ಎಂದರು.

"ಅಮ್ಮ ಬರ್ತಾಳೆ" ಎಂದೆ.

ಆಕೆ ಅದನ್ನು ಫೋನಿನಲ್ಲಿ ಟೀಚರಿಗೆ ಬಿಡಿಸಿ ಬಿಡಿಸಿ ಹೇಳಿಕೊಟ್ಟರು. ಆ ಕಡೆಯವರಿಗೆ ಸಿಗಲಿಲ್ಲವೇನೋ, ಮತ್ತೆ ಹೇಳಿದರು, ಇನ್ನೂ ಗಟ್ಟಿಯಾಗಿ. ಎದುರು ಸಾಲಿನವರು ಪುಸ್ತಕ ಮುಚ್ಚಿ ಕೇಳುತ್ತಿದ್ದರು. ತಿಂಗಳುಗಟ್ಟಲೆ ಪಿಟ್ಟೆನ್ನದ ಆ ರೈಲಿನಲ್ಲಿ ಕೇಳಿದ ಮೊದಲ ದೊಡ್ಡ ದನಿ ಕನ್ನಡದ್ದು.

ವೆಸ್ಟೆರಾಸ್ ತಲುಪಿದಾಗ ಆರೂಮುಕ್ಕಾಲು. ಆಕೆ ತಮ್ಮ ಕಾರಿಗೆ ನನ್ನನ್ನು ಹತ್ತಿಸಿಕೊಂಡು ಹೊರಟರು. ದಾರಿಯುದ್ದಕ್ಕೂ ಮಾತಿಲ್ಲ. ಈಗಲೂ ಪ್ಲಾಟ್‌ಫಾರ್ಮಿನಲ್ಲಿ ಸಿಗುತ್ತಾರೆ, ಈಗಲೂ ಮಾತಿಲ್ಲ, ಸಣ್ಣದಾಗಿ ತಲೆಯಾಡಿಸುತ್ತಾರೆ. ನನಗೆ ದಿನ ಬೆಳಗಾಯಿತು ಎಂದು ಅನಿಸುವುದು ಆ ತಲೆಯಾಡಿಸುವಿಕೆ ಕಂಡ ಮೇಲೆಯೇ. ಅವರನ್ನೂ ಸೇರಿಸಿ ಕಲ್ಲು ಜನ ಅಂದಿದ್ದೆನಲ್ಲ ಎಂದು ನೆನೆದರೆ ನನ್ನ ಮೇಲೆ ನನಗೇ ಸಿಟ್ಟು ಬರುತ್ತದೆ.

ಡಾಗಿಸ್‌ನಲ್ಲಿ ಒಂದೇ ದೀಪ ಉರಿಯುತ್ತಿತ್ತು. ಮಕ್ಕಳ ಗಿಡ್ಡ ಬೆಂಚಿನ ಮೇಲೆ ಟೀಚರು ಕೋಟು ಟೋಪಿ ಹಾಕಿಕೊಂಡೇ ಕೂತಿದ್ದರು. ಅವರ ಕೆಲಸದ ಹೊತ್ತು ಮುಗಿದು ಒಂದು ಗಂಟೆಯಾಗುತ್ತಾ ಬಂದಿತ್ತು. ಮಗಳು ಅವರ ತೋಳಿಗೆ ಒರಗಿ ಬ್ರೆಡ್ಡು ತಿನ್ನುತ್ತಿದ್ದಳು. ನಾನು ಬಾಗಿಲಲ್ಲೇ ಮಂಡಿಯೂರಿ, ಮುಂದಕ್ಕೆ ಹೋಗಲೂ ಆಗದೆ ಬಿಕ್ಕಿದೆ.

ಮಗಳು ಬ್ರೆಡ್ಡು ಕೆಳಗಿಟ್ಟು ಹತ್ತಿರ ಬಂದಳು. ನನ್ನ ಮುಖವನ್ನು ಅಚ್ಚರಿಯಿಂದ ನೋಡಿದಳು.

"ಯಾಕಮ್ಮ ಅಳ್ತಿದೀಯ? ನಿಂಗೆ ಯಾರೂ ಹೇಳ್ಲಿಲ್ವಾ? ನಂಗೆ ಟೀಚರ್ ಅಮ್ಮ ಬರ್ತಾಳೆ, ಅಮ್ಮ ಬರ್ತಾಳೆ ಅಂತ ಹೇಳ್ತಾನೇ ಇದ್ರು."