ನೀರಿಗಿಳಿಯುವ ರಸ್ತೆಯಲ್ಲಿ ಎಂಟು ಪೌಂಡ್ ಗಾಳಿ

ಹದಿಮೂರರ ಕಾರ್ಯ ಮುಗಿದು, ನೆಂಟರೆಲ್ಲ ಹೊರಟುಹೋದ ಮೇಲಿನ ಮೊದಲ ಬೆಳಗು. ಸಾಗರದ ಮನೆಯಲ್ಲಿ ಒಂದೇ ಲೋಟ ಕಾಫಿ ಮಾಡಿ ಕುಡಿದು, ಲೋಟ ತೊಳೆದಿಟ್ಟು, ತಾಳಗುಪ್ಪದ ಕಡೆಯ ಮೊದಲ ಬಸ್ಸು ಹತ್ತಿದ್ದೇನೆ. ಈ ಪುರವಣಿಗೆ ಒಬ್ಬರ ಪರಿಚಯ ಬರೆದುಕೊಡಬೇಕಿದೆ. ಯಾರದೆಂದು ಆರಿಸಿದವಳು ನಾನೇ. ಹೊನ್ನೆಮರಡಿನ ತಿರುವಿನಲ್ಲಿ ಇಳಿದಾಗ ಮಂಜು ನೆಲಕ್ಕೆ ಅಂಟಿಕೊಂಡಿದೆ. ಬಸ್ಸು ಹತ್ತು ಮಾರು ಹೋಗುವಷ್ಟರಲ್ಲಿ ಕಾಣದಾಗುತ್ತದೆ, ಸದ್ದು ಮಾತ್ರ ಇನ್ನೂ ಕೇಳುತ್ತಿರುತ್ತದೆ.

ಹಳೆಯ ಡಾಂಬರು ರಸ್ತೆಯಲ್ಲಿ ಒಬ್ಬರು ಬರಿಗಾಲಲ್ಲಿ ನಡೆಯುತ್ತಿದ್ದಾರೆ. ಕೈಯಲ್ಲಿ ಸುಣ್ಣ ಬಳಿದ ಕಲ್ಲು. ಈ ರಸ್ತೆ ನೆಟ್ಟಗೆ ಎರಡು ಮೈಲಿ ಹೋಗಿ ಲಿಂಗನಮಕ್ಕಿಯ ಹಿನ್ನೀರಿನೊಳಗೆ ಇಳಿದುಬಿಡುತ್ತದೆ. ಬೇಲಿಯಿಲ್ಲ, ಫಲಕವಿಲ್ಲ. ಅಂಗಾಲಿಗೆ ನೀರು ತಾಕಿದಲ್ಲಿ ಅವರು ನಿಲ್ಲುತ್ತಾರೆ. ಹಿಂದಕ್ಕೆ ತಿರುಗಿ ನೂರೈವತ್ತು ಹೆಜ್ಜೆ ಎಣಿಸಿ, ರಸ್ತೆಯ ನಟ್ಟನಡುವೆ ಕಲ್ಲನ್ನು ಇಡುತ್ತಾರೆ. ವೇಗ ಪರೀಕ್ಷಿಸಲು ಬರುವ ಕಾರುಗಳು ಇಲ್ಲಿಂದ ನಿಧಾನಿಸಬೇಕೆಂಬ ಗುರುತು ಅದು. ಹದಿನೈದು ದಿನಗಳಿಂದ ಇಲ್ಲಿಗೆ ಒಂದು ಕಾರೂ ಬಂದಿಲ್ಲ. ಕಲ್ಲಿಡುವುದು ಮಾತ್ರ ಒಂದು ದಿನವೂ ತಪ್ಪಿಲ್ಲ.

"ನೀರು ನಿನ್ನೆ ಇದ್ದಲ್ಲಿ ಇವತ್ತು ಇರಲ್ಲ, ಅಮ್ಮ. ಮಂಜಲ್ಲಿ ಡಾಂಬರೂ ಒಂದೇ, ನೀರೂ ಒಂದೇ. ಕಾಲಿಗೇ ಗೊತ್ತಾಗ್ಬೇಕು," ಎನ್ನುತ್ತಾರೆ ಗುತ್ಯಪ್ಪ. ಆಮೇಲೆ ನನ್ನ ಮುಖ ನೋಡಿ, "ಶ್ರೀಕೃಷ್ಣ ಗೌಡ್ರ ಮನೆಯೋರಲ್ವಾ? ಇಲ್ಲಿಗ್ಯಾಕೆ ಬರೋಕೆ ಹೋದ್ರಿ?"

ಗುತ್ಯಪ್ಪನವರಿಗೆ ಐವತ್ತೆರಡು. ಈ ರಸ್ತೆ ಹೋಗಿ ಮುಟ್ಟುತ್ತಿದ್ದ ಊರಿನವರು. ಆ ಊರು ಈಗ ನೀರಿನ ಕೆಳಗಿದೆ. ಅದನ್ನು ಮುಳುಗಿಸಿದ ಅಣೆಕಟ್ಟಿಗೆ ಮಣ್ಣು ಹೊತ್ತ ದೊಡ್ಡ ಯಂತ್ರಗಳಿಗೆ ಎಣ್ಣೆ ಬಿಡುವ ಕೆಲಸದಿಂದಲೇ ಅವರು ಮೆಕ್ಯಾನಿಕ್ ಆದರು. ಟರ್ಬೊ ಎಂಬ ಮಾತನ್ನು ಕಲಿತದ್ದು ಅಲ್ಲಿ. ಎಂಜಿನ್ ಉಗುಳುವ ಹೊಗೆ ಒಂದು ಚಕ್ರವನ್ನು ತಿರುಗಿಸುತ್ತದೆ, ಆ ಚಕ್ರ ಹೊರಗಿನ ಗಾಳಿಯನ್ನು ಒತ್ತಿ ಎಂಜಿನ್ನಿಗೆ ತುಂಬುತ್ತದೆ. ತುಂಬಿದಷ್ಟೂ ವೇಗ. ಎಷ್ಟು ತುಂಬಬೇಕೆಂದು ತಡೆದು ಹಿಡಿಯುವ ಪುಟ್ಟ ಹಿತ್ತಾಳೆಯ ಸಾಮಾನಿಗೆ ಪುಸ್ತಕದಲ್ಲಿ ಬೂಸ್ಟ್ ಕಂಟ್ರೋಲರ್ ಎಂದು ಹೆಸರು. ಗುತ್ಯಪ್ಪನವರ ಬಾಯಲ್ಲಿ ಅದು 'ಅಂಕೆ'.

1990ರ ಈ ಹೊತ್ತಿಗೆ ಸಾಗರ, ಹೊಸನಗರ, ತೀರ್ಥಹಳ್ಳಿ ಮೂರೂ ತಾಲೂಕು ಸೇರಿ ಟರ್ಬೊ ಇರುವ ಕಾರುಗಳು ಐದೇ. ಎಲ್ಲ ಹಡಗಿನಲ್ಲಿ ಬಂದವು. ಐದರಲ್ಲಿ ನಾಲ್ಕಕ್ಕೆ ಅಂಕೆ ಹಾಕಿದವರು ಇವರೇ, ಐದನೆಯದಕ್ಕೆ ಹಾಕುವುದು ಬಾಕಿ. ಜನರೇಟರು, ಬುಲ್ಡೋಜರುಗಳ ಲೆಕ್ಕ ಬೇರೆ.

ಅಂಕೆ ಮೂರು ಬಗೆ. ಬರೀ ಸ್ಪ್ರಿಂಗಿನದು ಒಂದು. ಅದಕ್ಕೆ ಒಂದೇ ಒತ್ತಡ ಗೊತ್ತು, ಯಾರ ಮಾತನ್ನೂ ಕೇಳುವುದಿಲ್ಲ. ಎರಡನೆಯದು ತಿರುಪಿನದು. ಬಾನೆಟ್ ಎತ್ತಿ ತಿರುಪಿದರೆ ಒತ್ತಡ ಹೆಚ್ಚುಕಡಿಮೆ ಆಗುತ್ತದೆ. ಮೂರನೆಯದರ ಗುಂಡಿ ಓಡಿಸುವವನ ಸೀಟಿನ ಪಕ್ಕದಲ್ಲೇ ಇರುತ್ತದೆ. ಯಾವ ಕಾರಿಗೆ ಯಾವುದೆಂದು ಗುತ್ಯಪ್ಪ ಎಂಜಿನ್ ನೋಡಿ ಹೇಳುವುದಿಲ್ಲ. ಬೆಳಗಿನ ಜಾವ ಮಾಲೀಕನನ್ನೇ ಓಡಿಸಲು ಹೇಳಿ, ತಾವು ಹಿಂದಿನ ಸೀಟಿನಲ್ಲಿ ಬಗ್ಗಿ ಕೂತು, ಅವನ ಬಲಗಾಲನ್ನಷ್ಟೇ ನೋಡುತ್ತಾರೆ.

"ಬೆಳಿಗ್ಗೆ ಗಾಳಿ ತಣ್ಣಗಿರುತ್ತೆ, ಮಂದ ಇರುತ್ತೆ. ಒತ್ತಡ ಜಾಸ್ತಿ ಏರೋದು ಆವಾಗ್ಲೇ. ಕಲ್ಲು ಕಂಡ ಕೂಡ್ಲೆ ಕಾಲೆತ್ತೋನು ಒಬ್ಬ. ಇನ್ನೊಂಚೂರು ಅನ್ನೋನು ಒಬ್ಬ. ಇನ್ನೊಂಚೂರು ಅನ್ನೋನಿಗೆ ಸ್ಪ್ರಿಂಗೇ ಗತಿ. ಗುಂಡಿದು ಇದುವರೆಗೆ ಯಾರಿಗೂ ಹಾಕಿಲ್ಲ ನಾನು."

"ನಮ್ಮವರ ಕಾಲು ಹೇಗಿತ್ತು?"

"ನಡುವಿಂದು. ತಿರುಪಿಂದು ಹಾಕ್ದೆ. ಎಂಟು ಪೌಂಡ್ ಒತ್ತಡಕ್ಕೆ ನಿಲ್ಸಿದ್ದೆ. ಸ್ಪ್ರಿಂಗೇ ಹಾಕ್ಬೇಕಿತ್ತೇನೋ."

ನನ್ನ ಗಂಡ ರ‍್ಯಾಲಿಯ ಕಾರು ಪಂದ್ಯಗಳಿಗೆ ಹೋಗುತ್ತಿದ್ದವರು. ಹದಿನೈದು ದಿನದ ಹಿಂದೆ, ಗುತ್ಯಪ್ಪ ಕಲ್ಲಿಡುವುದಕ್ಕೂ ಮೊದಲೇ, ಮಂಜಿನಲ್ಲಿ ಒಬ್ಬರೇ ಈ ರಸ್ತೆಯಲ್ಲಿ ಕಾರು ಓಡಿಸಿದರು. ಕಾರು ನಿಲ್ಲಲಿಲ್ಲ.

ಟ್ರ್ಯಾಕ್ಟರಿನಲ್ಲಿ ಎಳೆದು ತಂದ ಕಾರು ಈಗ ತಿರುವಿನ ಹತ್ತಿರ, ಗುತ್ಯಪ್ಪನವರು ಕೆಲಸ ಮಾಡುವ ಶೆಡ್ಡಿನ ಪಕ್ಕದಲ್ಲಿದೆ. ಹೆಡ್‌ಲೈಟಿನ ಗಾಜಿನೊಳಗೆ ಅರ್ಧದವರೆಗೆ ನೀರು. ಅದರಲ್ಲಿ ಉಗುರಿನಷ್ಟು ಚಿಕ್ಕ ಮೀನೊಂದು ಸುತ್ತುತ್ತಿದೆ. ಒಳಗೆ ಒತ್ತಡ ತೋರಿಸುವ ಮೀಟರಿನ ಮುಳ್ಳು ಸೊನ್ನೆಗೆ ಇಳಿದಿಲ್ಲ, ಹದಿನಾಲ್ಕರಲ್ಲೇ ನಿಂತಿದೆ. ಈ ಮುಳ್ಳನ್ನು ನೋಡಲು ಸುತ್ತಿನ ಜನರೆಲ್ಲ ಬಂದುಹೋಗಿದ್ದಾರೆ. ಎಂಟಕ್ಕೆ ನಿಲ್ಲಿಸಿದ್ದೆ ಎಂದವರ ಕೈ ಹದಿನಾಲ್ಕಕ್ಕೆ ನಿಲ್ಲಿಸಿದೆ ಎಂದು ತೀರ್ಮಾನವಾಗಿದೆ. ಜೀಪುಗಳು, ಜನರೇಟರುಗಳು ಒಂದೊಂದಾಗಿ ಶೆಡ್ಡು ಬಿಟ್ಟಿವೆ. ಉಳಿದಿರುವುದು ಒಂದೇ ಕಾರು, ಹೊಸನಗರದ ಗುತ್ತಿಗೆದಾರ ಸೀತಾರಾಮಪ್ಪನವರದು. ಅದೂ ಹೋದರೆ ಶೆಡ್ಡಿನ ಬಾಗಿಲು ಹಾಕುವುದೇ.

ಒಳಗೆ ಬೆಂಚಿನ ಮೇಲೆ ಮುಳುಗಿದ ಕಾರಿನಿಂದ ಬಿಚ್ಚಿದ ಟರ್ಬೊ ಇದೆ. ಹಿನ್ನೀರಿನ ಕಡೆಯ ಗೋಡೆ ಅರ್ಧ ಮಾತ್ರ ಎದ್ದಿದೆ. ಗಾಳಿ ಬಂದಾಗ ಚಕ್ರ ತಾನಾಗಿ ತಿರುಗತೊಡಗುತ್ತದೆ, ಸಣ್ಣಗೆ ಸೀಟಿ ಹೊಡೆಯುತ್ತದೆ. ಗಾಳಿ ನಿಂತ ಮೇಲೂ ತಿರುಗುತ್ತಲೇ ಇರುತ್ತದೆ. ತಿರುವಿನ ಚಹಾದಂಗಡಿಯವರಿಗೆ ಈ ಸೀಟಿ ಗೊತ್ತು, ನನ್ನ ಗಂಡನ ಕಾರು ಬರುವಾಗಲೂ ಇದೇ ಸದ್ದು ಕೇಳುತ್ತಿತ್ತಂತೆ. ಈಗ ಅದು ಕೇಳಿದರೆ ಚಹಾ ಕುಡಿಯುವವರು ಲೋಟ ಕೆಳಗಿಟ್ಟು ರಸ್ತೆ ನೋಡುತ್ತಾರಂತೆ.

"ಬೇರಿಂಗಲ್ಲಿ ಎಣ್ಣೆ ಒಂದು ಹನಿ ಇಲ್ಲ. ತಿರುಗಬಾರ್ದು," ಎನ್ನುತ್ತಾರೆ ಗುತ್ಯಪ್ಪ. "ಕೈ ಅಡ್ಡ ಕೊಟ್ಟು ನಿಲ್ಸೋಣ ಅಂದ್ರೆ ಮನಸ್ಸೇ ಬರಲ್ಲ."

"ಗೋಣಿಚೀಲ ಮುಚ್ಚಿ ಅಂದ್ರೆ ಅದನ್ನೂ ಮಾಡಲ್ಲ," ಎಂದು ಚಹಾ ತಂದ ಅವರ ಹೆಂಡತಿ ಕೆರಿಯಮ್ಮ ಹೇಳುತ್ತಾರೆ. "ಊರೆಲ್ಲ ಬಾಯಿಗೆ ಬಂದಂಗೆ ಬೈತಿದೆ. ಈ ಮನುಷ್ಯಂಗೆ ನಾಲಿಗೆ ಇದ್ಯೋ ಇಲ್ವೋ, ನೀವೇ ಕೇಳಿ ಅಮ್ಮ."

"ನೀ ಸುಮ್ನಿರೆ."

"ನಾ ಸುಮ್ನಿದ್ದಿದ್ದಕ್ಕೇ ಇಷ್ಟಾಗಿದ್ದು."

ಗುತ್ಯಪ್ಪ ಮಾತು ಬದಲಿಸಿ ತಿರುಪಿನ ಅಂಕೆಯನ್ನು ತೋರಿಸುತ್ತಾರೆ. ಹೆಬ್ಬೆರಳಿನ ಗಾತ್ರ. ಒಳಗೊಂದು ಗುಂಡು, ಅದರ ಹಿಂದೆ ಸ್ಪ್ರಿಂಗು, ಅದನ್ನು ಒತ್ತಿ ಹಿಡಿದ ತಿರುಪು. ತಿರುಪಿನ ತಲೆಯಲ್ಲಿ ಮೂರು ಮೂಲೆಯ ತೂತು. ಯಾವ ಸ್ಕ್ರೂಡ್ರೈವರೂ ಅದಕ್ಕೆ ಹಿಡಿಯುವುದಿಲ್ಲ. ಮಾಲೀಕರು ಮನಸ್ಸು ಬಂದಾಗ ತಿರುಗಿಸಬಾರದೆಂದು ಗುತ್ಯಪ್ಪನವರೇ ಮಾಡಿದ ವ್ಯವಸ್ಥೆ. ಉಕ್ಕಿನ ಕಡ್ಡಿಯನ್ನು ಎರಡು ದಿನ ಅರೆದು ಅದಕ್ಕೊಂದು ಕೀಲಿ ಮಾಡಿದ್ದಾರೆ. ಇರುವುದು ಒಂದೇ ಕೀಲಿ.

"ಎಲ್ಲಿದೆ ಅದು?" ಎಂದು ಕೇಳುತ್ತೇನೆ.

"ಎಲ್ಲೋ ಬಿದ್ದೋಯ್ತು."

ಉತ್ತರ ತೀರಾ ಬೇಗ ಬರುತ್ತದೆ. ಕೆರಿಯಮ್ಮ ಸೆರಗಿನ ತುದಿಯನ್ನು ಬೆರಳಿಗೆ ಸುತ್ತುತ್ತ ನೆಲ ನೋಡುತ್ತಾರೆ.

ಎಂಟು ಗಂಟೆಗೆ ಸೀತಾರಾಮಪ್ಪ ಬರುತ್ತಾರೆ. "ಏನಯ್ಯ ಗುತ್ಯಪ್ಪ, ನನ್ನನ್ನೂ ಮೀನಿಗೆ ಹಾಕೋ ಯೋಚನೆನಾ?" ಎಂದು ಒಳಗೆ ಕಾಲಿಟ್ಟವರು ನನ್ನನ್ನು ಕಂಡು ಮಾತು ನುಂಗುತ್ತಾರೆ. ಟೋಪಿ ತೆಗೆದು, ಮತ್ತೆ ಹಾಕಿಕೊಳ್ಳುತ್ತಾರೆ. "ಕ್ಷಮಿಸಿ ಅಮ್ಮ. ಗೊತ್ತಾಗ್ಲಿಲ್ಲ."

ಅವರ ಕಾರಿಗೆ ಸ್ಪ್ರಿಂಗಿನ ಅಂಕೆಯೇ ಸರಿಯೆಂದು ಗುತ್ಯಪ್ಪ ಎಂದೋ ನಿರ್ಧರಿಸಿದ್ದಾರೆ. ಸೀತಾರಾಮಪ್ಪನವರ ಕಾಲು ತಡವಾಗಿ ಏಳುತ್ತದಂತೆ. ಸಾಮಾನು ಎಣ್ಣೆ ಬಟ್ಟೆಯಲ್ಲಿ ಸಿದ್ಧವಾಗಿದೆ. ಹದಿನೈದು ದಿನದಿಂದ ಅದನ್ನು ಕೂರಿಸಲು ಗುತ್ಯಪ್ಪನವರ ಕೈ ಏಳುತ್ತಿಲ್ಲ.

"ನೋಡು, ನಂಗೆ ಬೇರೆ ಮೆಕ್ಯಾನಿಕ್ ಹುಡುಕೋಕೆ ಇಷ್ಟ ಇಲ್ಲ," ಎನ್ನುತ್ತಾರೆ ಸೀತಾರಾಮಪ್ಪ. "ಹದಿನಾಲ್ಕಕ್ಕೆ ಏರಿಸಿದ್ದು ನಾನಲ್ಲ ಅಂತ ಒಂದು ಮಾತು ಹೇಳು. ಗಾಡಿ ಇಲ್ಲೇ ಇರುತ್ತೆ. ಹೇಳಲ್ವಾ, ಈಗ್ಲೇ ತಗೊಂಡು ಹೋಗ್ತೀನಿ."

ಗುತ್ಯಪ್ಪ ನನ್ನ ಕಡೆ ಒಮ್ಮೆ ನೋಡುತ್ತಾರೆ. ಆಮೇಲೆ ಗೋಡೆಯ ಮೊಳೆಯಿಂದ ಸೀತಾರಾಮಪ್ಪನವರ ಕಾರಿನ ಬೀಗದ ಕೈ ತೆಗೆದು ಅವರ ಮುಂದೆ ಹಿಡಿಯುತ್ತಾರೆ.

"ತಗೊಂಡು ಹೋಗಿ."

"ಹೇಳಿ ಅಂದ್ರೆ!" ಎಂದು ಕೆರಿಯಮ್ಮನ ದನಿ ಒಡೆಯುತ್ತದೆ. "ಯಾರಿಗೋಸ್ಕರ ಸುಮ್ನಿದೀರ? ಮೈಮೇಲೆ ಬಿಳಿ ಸೀರೆ ಬಿದ್ದ ಆ ಹೆಣ್ಣುಮಗಳು ಎದುರಿಗಿದ್ದಾಳೆ ಅಂತಾನಾ?"

ಗಾಳಿ ಇಲ್ಲ. ಬೆಂಚಿನ ಮೇಲೆ ಚಕ್ರ ತಿರುಗುತ್ತಿದೆ.

ನಾನು ಕೈಚೀಲ ತೆರೆಯುತ್ತೇನೆ. ಆಸ್ಪತ್ರೆಯಲ್ಲಿ ನನ್ನ ಗಂಡನ ಒದ್ದೆ ಬಟ್ಟೆಗಳನ್ನು ಗಂಟು ಕಟ್ಟಿ ಕೊಟ್ಟಿದ್ದರು. ಅಂಗಿಯ ಎದೆಜೇಬಿಗೆ ಗುಂಡಿ ಹಾಕಿತ್ತು, ಒಳಗೆ ಇದು ಇತ್ತು. ಬೆರಳುದ್ದದ ಉಕ್ಕಿನ ಕಡ್ಡಿ, ತುದಿಯಲ್ಲಿ ಮೂರು ಮೂಲೆ. ಕಾರು ಮುಳುಗಿದ ಹಿಂದಿನ ಸಂಜೆ ಊಟಕ್ಕೆ ಕೂತಾಗ ನನ್ನ ಗಂಡನೇ ತೋರಿಸಿದ್ದರು. ಗುತ್ಯಪ್ಪ ಇರಲಿಲ್ಲ, ಅವರಿಗೆ ಹೇಳಿದ್ದೇನೆ ಎಂದು ಸುಳ್ಳು ಹೇಳಿ ಕೆರಿಯಮ್ಮನ ಹತ್ತಿರ ಒಂದು ದಿನದ ಮಟ್ಟಿಗೆ ಇಸಿದುಕೊಂಡೆ ಎಂದು ನಕ್ಕಿದ್ದರು. ನಾನೂ ನಕ್ಕಿದ್ದೆ. ಆಮೇಲೆ ಈ ಹದಿನೈದು ದಿನ ಅದನ್ನು ಯಾರಿಗೂ ತೋರಿಸಲಿಲ್ಲ.

"ಹದಿನಾಲ್ಕಕ್ಕೆ ತಿರುಗಿಸಿದ್ದು ನನ್ನ ಗಂಡ," ಎಂದು ಸೀತಾರಾಮಪ್ಪನವರಿಗೆ ಹೇಳುತ್ತೇನೆ. "ಇವರಿಗೆ ಅದು ಮೊದಲ ದಿನದಿಂದಲೇ ಗೊತ್ತಿತ್ತು."

ಸೀತಾರಾಮಪ್ಪ ಚಾಚಿದ್ದ ಕೈಯನ್ನು ಹಿಂದಕ್ಕೆ ಎಳೆದುಕೊಳ್ಳುತ್ತಾರೆ. ಬೀಗದ ಕೈ ಗುತ್ಯಪ್ಪನವರಲ್ಲೇ ಉಳಿಯುತ್ತದೆ.

"ಹೋದೋರ ಹೆಸರಿಗೆ ಯಾಕಮ್ಮ ಇದೆಲ್ಲ?" ಎನ್ನುತ್ತಾರೆ ಗುತ್ಯಪ್ಪ, ಬಹಳ ಮೆಲ್ಲಗೆ. "ನಂಗೆ ಹೆಂಗೋ ನಡೆಯುತ್ತೆ. ಪೇಪರಲ್ಲಿ ಬರೀಬೇಡಿ. ಅಷ್ಟು ಮಾಡಿ ಸಾಕು."

"ಬರೆಯುತ್ತೇನೆ," ಎಂದು ಅವರ ಇನ್ನೊಂದು ಅಂಗೈ ಬಿಡಿಸಿ, ಕೀಲಿಯನ್ನು ಅದರಲ್ಲಿ ಇಡುತ್ತೇನೆ.